ಉಮ್ರಾಕ್ಕೆ ಹೊರಟವರಿಗೆ: ಮದೀನಾ ಮೊದಲೋ, ಮಕ್ಕಾ ಮೊದಲೋ? ಮೂರನೇ ಊರೂ ಬೇಕೋ?

ಉಮ್ರಾಕ್ಕೆ, ಅಂದರೆ ಹಜ್ ಅಲ್ಲದ ಸಮಯದಲ್ಲೂ ಮಾಡಬಹುದಾದ ಮಕ್ಕಾ ಯಾತ್ರೆಗೆ, ಹೋಗುವುದು ಅಂತ ಮನೆಯಲ್ಲಿ ತೀರ್ಮಾನವಾದ ಮೇಲೆ ಮೊದಲು ಕೈಗೆ ಬರುವುದು ಟ್ರಾವೆಲ್ಸ್‌ನವರ ಹಾಳೆ. ಒಂದರಲ್ಲಿ ಮಕ್ಕಾ 9 ದಿನ, ಮದೀನಾ 3 ದಿನ ಅಂತಿರುತ್ತದೆ. ಇನ್ನೊಂದರಲ್ಲಿ ಮದೀನಾ ಮೊದಲು. ಮತ್ತೊಂದರಲ್ಲಿ ತಾಯಿಫ್ ಸೇರಿಸಿರುತ್ತಾರೆ. ಇನ್ನೂ ಸ್ವಲ್ಪ ದುಡ್ಡು ಹಾಕಿದರೆ ಬೈತುಲ್ ಮುಖದ್ದಸ್ (ಜೆರುಸಲೇಮ್), ಬಗ್ದಾದ್, ಕರ್ಬಲಾ. ನೋಡುತ್ತಾ ಹೋದರೆ ಎಲ್ಲವೂ ಬೇಕು ಅನಿಸುತ್ತದೆ. ನಮ್ಮಲ್ಲಿ ಜೀವನದಲ್ಲಿ ಒಂದೇ ಸಲ ಹೋಗುವವರು ಜಾಸ್ತಿ. ಹೇಗೂ ಅಷ್ಟು ದೂರ ಹೋಗುತ್ತೇವೆ, ಅದನ್ನೂ ನೋಡಿ ಬರೋಣ ಅನ್ನುವ ಆಸೆ ಸಹಜವೇ.

ನಾನು ಎರಡು ಸಲ ಹೋಗಿ ಬಂದಿದ್ದೇನೆ. ಎರಡು ಸಲವೂ ಉಮ್ಮ (ತಾಯಿ) ಜೊತೆಗಿದ್ದರು. ಮೊದಲ ಸಲ ಮಕ್ಕಾ ಮೊದಲು, ಎರಡನೇ ಸಲ ಮದೀನಾ ಮೊದಲು. ಒಂದೇ ಮನೆಯವರು, ಅದೇ ಮಂಡಿ ನೋವು, ಆದರೆ ಎರಡು ಪ್ರಯಾಣಗಳ ನಡುವೆ ಅಜಗಜಾಂತರ. ಊರುಗಳ ಲೆಕ್ಕಕ್ಕಿಂತ ಒಂದೊಂದು ಊರಿನಲ್ಲಿ ನೆಮ್ಮದಿಯಾಗಿ ಕೂರಲು ಸಿಗುವ ದಿನಗಳ ಲೆಕ್ಕ ಮುಖ್ಯ ಅಂತ ನನಗೆ ಆಗ ಗೊತ್ತಾಯಿತು. ಆ ಕಣ್ಣಿನಿಂದಲೇ ಇಲ್ಲಿ ಹೋಲಿಸುತ್ತಿದ್ದೇನೆ.

ಮದೀನಾ ಉಮ್ರಾದ ಭಾಗವೇ?

ಅಲ್ಲ. ಇದನ್ನು ಮೊದಲು ತಿಳಿದುಕೊಂಡರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ. ಇಹ್ರಾಂ (ಯಾತ್ರೆಯ ಉಡುಪು ಮತ್ತು ಕಟ್ಟುಪಾಡಿನ ಸ್ಥಿತಿ), ಕಾಬಾದ ಸುತ್ತ ಏಳು ಸುತ್ತು ತವಾಫ್, ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವ ಸಯೀ, ಕೊನೆಗೆ ಕೂದಲು ತೆಗೆಸುವುದು. ಇಷ್ಟಾದರೆ ಉಮ್ರಾ ಮುಗಿಯಿತು. ಹಜ್‌ನ ಕರ್ಮಗಳೂ ಮಕ್ಕಾ, ಮಿನಾ, ಅರಫಾ, ಮುಝ್ದಲಿಫಾದಲ್ಲೇ ಮುಗಿಯುತ್ತವೆ. ಮದೀನಾಕ್ಕೆ ಹೋಗಲು ಇಹ್ರಾಂ ಬೇಡ, ತಲ್ಬಿಯಾ (ಯಾತ್ರಿಕರು ಹೇಳುವ 'ಲಬ್ಬೈಕ್' ಘೋಷ) ಬೇಡ. ಆರೋಗ್ಯ ಕೆಟ್ಟು ಅಲ್ಲಿಗೆ ಹೋಗಲಾಗದಿದ್ದರೆ ಉಮ್ರಾಕ್ಕೆ ಏನೂ ಕೊರತೆಯಾಗುವುದಿಲ್ಲ.

ಹಾಗಂತ ಬಿಟ್ಟು ಬರುವ ಊರೂ ಅಲ್ಲ. ಮಕ್ಕಾದ ಮಸ್ಜಿದುಲ್ ಹರಾಂ, ಮದೀನಾದ ಮಸ್ಜಿದುನ್ನಬವಿ, ಜೆರುಸಲೇಮಿನ ಮಸ್ಜಿದುಲ್ ಅಖ್ಸಾ ಈ ಮೂರು ಮಸೀದಿಗಳಿಗಲ್ಲದೆ ಬೇರೆಡೆಗೆ ವಿಶೇಷ ಪುಣ್ಯ ಬಯಸಿ ಪ್ರಯಾಣ ಕಟ್ಟಬೇಡಿ ಎಂಬ ಹದೀಸ್ (ಪ್ರವಾದಿಯ ನುಡಿ) ಬುಖಾರಿ, ಮುಸ್ಲಿಂ ಎಂಬ ಎರಡು ಸಂಗ್ರಹಗಳಲ್ಲೂ ಇದೆ. ಮಸ್ಜಿದುನ್ನಬವಿಯ ಒಂದು ನಮಾಝ್, ಮಸ್ಜಿದುಲ್ ಹರಾಂ ಬಿಟ್ಟು ಉಳಿದ ಕಡೆಯ ಸಾವಿರ ನಮಾಝ್‌ಗಿಂತ ಮೇಲು ಎಂದೂ ಪ್ರವಾದಿ ಮುಹಮ್ಮದ್(ಸ: ಅವರ ಮೇಲೆ ಶಾಂತಿಯಿರಲಿ) ಹೇಳಿದ್ದಾರೆ. 622ರಲ್ಲಿ ಮಕ್ಕಾದಿಂದ ಹಿಜ್ರಾ (ವಲಸೆ) ಬಂದ ಪ್ರವಾದಿಯನ್ನು ಎದುರುಗೊಂಡ ಊರು ಅದು. ಅವರ ಖಬರ್ (ಸಮಾಧಿ) ಇರುವುದೂ ಅಲ್ಲೇ. ಸಣ್ಣಂದಿನಿಂದ ಮೌಲಿದ್‌ನಲ್ಲಿ (ಪ್ರವಾದಿಯನ್ನು ಹೊಗಳಿ ಹಾಡುವ ಸಭೆಯಲ್ಲಿ) ಆ ಊರಿನ ಹೆಸರು ಕೇಳುತ್ತಾ ಬೆಳೆದವರಿಗೆ 'ಕಡ್ಡಾಯ ಅಲ್ಲ' ಅನ್ನುವ ಮಾತು ಮಸ್‌ಅಲಾದ (ಧಾರ್ಮಿಕ ನಿಯಮದ) ಮಟ್ಟಿಗೆ ಸರಿ, ಮನಸ್ಸಿನ ಮಟ್ಟಿಗೆ ಅಲ್ಲ.

ಹಾಗಾಗಿ ಮದೀನಾ ಬೇಕೋ ಬೇಡವೋ ಅನ್ನುವುದು ಪ್ರಶ್ನೆಯೇ ಅಲ್ಲ. ಯಾವಾಗ, ಎಷ್ಟು ದಿನ, ಇವೆರಡೇ ಪ್ರಶ್ನೆ.

ಮಕ್ಕಾ ಮೊದಲು ಹೋದರೆ

ಬೆಂಗಳೂರಿನಿಂದ ಜಿದ್ದಾಕ್ಕೆ ನೇರ ವಿಮಾನದಲ್ಲಿ ಐದಾರು ಗಂಟೆ. ನಮ್ಮ ಕಡೆಯಿಂದ ಹೋಗುವವರ ಮೀಖಾತ್ (ಇಹ್ರಾಂ ಇಲ್ಲದೆ ದಾಟಬಾರದ ಗಡಿ) ಯಲಮ್‌ಲಮ್. ವಿಮಾನ ಅದನ್ನು ದಾಟುವ ಮೊದಲೇ ಇಹ್ರಾಂನಲ್ಲಿದ್ದು ನಿಯ್ಯತ್ (ಸಂಕಲ್ಪ) ಮಾಡಿರಬೇಕು. ಅಂದರೆ ಗಂಡಸರು ಮನೆಯಲ್ಲೋ ವಿಮಾನ ನಿಲ್ದಾಣದಲ್ಲೋ ಎರಡು ಬಿಳಿ ಬಟ್ಟೆ ಉಟ್ಟುಕೊಂಡು ಹತ್ತಬೇಕು. ಗಲ್ಫ್‌ನಲ್ಲಿ ವಿಮಾನ ಬದಲಿಸುವವರಾದರೆ ಇನ್ನೂ ಹೊತ್ತು ಅದರಲ್ಲೇ ಕಳೆಯಬೇಕಾಗಬಹುದು. ಎಸಿಗೆ ಮೈ ನಡುಗುತ್ತದೆ. ಇಹ್ರಾಂ ಬಟ್ಟೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಚೆಕ್ ಇನ್ ಮಾಡಿ ಆಮೇಲೆ ಪರದಾಡಿದವರನ್ನು ನಾನೇ ನೋಡಿದ್ದೇನೆ. ಇಹ್ರಾಂ ಇಲ್ಲದೆ ಮೀಖಾತ್ ದಾಟಿದರೆ ಹಿಂದಕ್ಕೆ ಹೋಗಬೇಕು, ಇಲ್ಲವೇ ಆಡು ಕುರಿ ಬಲಿ ಕೊಡಬೇಕಾಗುತ್ತದೆ. ಬಟ್ಟೆ ಕೈಚೀಲದಲ್ಲೇ ಇರಲಿ.

ನಮ್ಮ ಮೊದಲ ಪ್ರಯಾಣದಲ್ಲಿ ಜಿದ್ದಾ ಮುಟ್ಟಿದಾಗ ಮಧ್ಯರಾತ್ರಿ ದಾಟಿತ್ತು. ಇಮಿಗ್ರೇಷನ್, ಲಗೇಜು, ಬಸ್ಸಿಗೆ ಕಾಯುವುದು, ಅಲ್ಲಿಂದ ಸುಮಾರು 80 ಕಿ.ಮೀ. ದೂರದ ಮಕ್ಕಾ. ಹೋಟೆಲಿನಲ್ಲಿ ಬ್ಯಾಗು ಇಟ್ಟು ಸುಬಹ್‌ಗೆ (ಬೆಳಗಿನ ಜಾವದ ನಮಾಝ್‌ಗೆ) ಹರಂಗೆ, ಅಂದರೆ ಮಸ್ಜಿದುಲ್ ಹರಾಂಗೆ, ಹೋದೆವು. ಕಾಬಾ ಕಂಡ ಗಳಿಗೆಯಲ್ಲಿ ಆಯಾಸ ಎಲ್ಲಿ ಹೋಯಿತೋ ಗೊತ್ತಿಲ್ಲ. ಉಮ್ಮ ನಿಂತಲ್ಲೇ ಅತ್ತರು. ತವಾಫ್ ಹೇಗೋ ಮುಗಿಯಿತು. ಆದರೆ ಸಯೀ ಏಳು ಸಲ ಸೇರಿ ಮೂರು ಕಿ.ಮೀ.ಗಿಂತ ಜಾಸ್ತಿ ನಡಿಗೆ. ನಾಲ್ಕನೇ ಸಲಕ್ಕೆ ಉಮ್ಮನ ಕಾಲು ಮುಂದೆ ಹೋಗಲಿಲ್ಲ. ವೀಲ್‌ಚೇರ್ ಹುಡುಕಿ ತಂದು ಉಳಿದದ್ದನ್ನು ಮುಗಿಸಿದೆವು. ಆಮೇಲೆ ಮೂರು ದಿನ ಅವರಿಗೆ ಕೋಣೆಯಿಂದ ಹರಂಗೆ ಸರಿಯಾಗಿ ಹೋಗಲು ಆಗಲಿಲ್ಲ. ನಿದ್ದೆ ಇಲ್ಲದ ರಾತ್ರಿಯ ಮೇಲೆ ಉಮ್ರಾ ಹೇರಿದ್ದು ನಮ್ಮ ತಪ್ಪೇ. ಒಂದು ದಿನ ಇಹ್ರಾಂನಲ್ಲೇ ಮಲಗಿ ಎದ್ದು ಮಾಡಬಹುದಿತ್ತು, ಅದಕ್ಕೆ ಅಡ್ಡಿಯಿಲ್ಲ ಅಂತ ಆಗ ಯಾರೂ ಹೇಳಲಿಲ್ಲ.

ಮಕ್ಕಾ ಮೊದಲು ಅನ್ನುವುದರಲ್ಲಿ ಒಳ್ಳೆಯದೂ ಇದೆ. ಯಾವ ಕೆಲಸಕ್ಕೆ ಬಂದೆವೋ ಅದು ಮೊದಲ ದಿನವೇ ಮುಗಿಯುತ್ತದೆ. ಮುಂದೆ ಜ್ವರ ಬಂದರೂ ಆತಂಕ ಇರುವುದಿಲ್ಲ. ಮಕ್ಕಾದ ಓಡಾಟ ಮುಗಿಸಿ ಮದೀನಾದ ತಣ್ಣನೆಯ ಅಂಗಳದಲ್ಲಿ ಕೊನೆಯ ದಿನಗಳನ್ನು ಕಳೆದು, ಅಲ್ಲಿಂದಲೇ ವಿಮಾನ ಹತ್ತಿದರೆ ಅದರಷ್ಟು ಚೆಂದ ಬೇರೆ ಇಲ್ಲ. ಗಟ್ಟಿ ಕಾಲಿನ ಯುವಕರಿಗೆ, ಮೊದಲ ಸಲ ಕಾಬಾ ನೋಡುವ ತವಕ ತಡೆಯಲಾರದವರಿಗೆ ಇದು ಸರಿ. ಆದರೆ ವಾಪಸ್ ವಿಮಾನ ಎಲ್ಲಿಂದ ಅಂತ ನೋಡಿಕೊಳ್ಳಿ. ಮದೀನಾದಲ್ಲಿ ಮುಗಿಸಿ ಮತ್ತೆ ಜಿದ್ದಾಕ್ಕೆ ಬರಬೇಕಾದರೆ ಒಂದು ಇಡೀ ದಿನ ದಾರಿಗೇ ಹೋಗುತ್ತದೆ.

ಮದೀನಾ ಮೊದಲು ಹೋದರೆ

ಎರಡನೇ ಸಲ ನಾವು ಮಾಡಿದ್ದು ಇದು. ಮಾಮೂಲಿ ಬಟ್ಟೆಯಲ್ಲಿ ವಿಮಾನ ಹತ್ತಿದೆವು. ಇಹ್ರಾಂ ಇಲ್ಲ, ನಿಷೇಧಗಳ ಚಿಂತೆ ಇಲ್ಲ. ಮದೀನಾಕ್ಕೆ ನೇರ ವಿಮಾನ ಸಿಗದಿದ್ದರೂ ತೊಂದರೆಯಿಲ್ಲ. ಜಿದ್ದಾದಲ್ಲಿ ಇಳಿದರೂ ಮೊದಲು ಮದೀನಾಕ್ಕೇ ಹೋಗುವುದಾದರೆ ಯಲಮ್‌ಲಮ್‌ನಲ್ಲಿ ಇಹ್ರಾಂ ಕಟ್ಟಬೇಕಾಗಿಲ್ಲ. ನಿಮ್ಮ ಮೀಖಾತ್ ಆಗ ಮದೀನಾದವರ ಮೀಖಾತ್, ಅಂದರೆ ದುಲ್ ಹುಲೈಫಾ. ಜನ ಅದನ್ನು ಅಬ್ಯಾರ್ ಅಲೀ ಅಂತಲೂ ಕರೆಯುತ್ತಾರೆ. ಮಸ್ಜಿದುನ್ನಬವಿಯಿಂದ ಹತ್ತು ಹನ್ನೆರಡು ಕಿ.ಮೀ. ಅಷ್ಟೆ. ದೊಡ್ಡ ಮಸೀದಿ, ಸ್ನಾನಕ್ಕೆ ಸಾಲು ಸಾಲು ಕೋಣೆಗಳು. ನೆಲದ ಮೇಲೆ ನಿಂತು, ಸ್ನಾನ ಮಾಡಿ, ಎರಡು ರಕಅತ್ ನಮಾಝ್ ಮಾಡಿ, ನಿಧಾನವಾಗಿ ನಿಯ್ಯತ್ ಮಾಡುವುದಕ್ಕೂ ವಿಮಾನದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಮಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪ್ರವಾದಿ(ಸ) ತಮ್ಮ ವಿದಾಯದ ಹಜ್‌ಗೆ ಇಹ್ರಾಂ ಕಟ್ಟಿದ್ದೂ ಇದೇ ಜಾಗದಲ್ಲಿ. ಅದನ್ನು ನೆನೆದಾಗ ನನ್ನ ಬಾಯಲ್ಲಿ ತಲ್ಬಿಯಾ ಸರಾಗವಾಗಿ ಬರಲೇ ಇಲ್ಲ, ಗಂಟಲು ಕಟ್ಟಿತ್ತು.

ವಯಸ್ಸಾದವರಿಗೆ ಇನ್ನೊಂದು ಅನುಕೂಲ ಇದೆ. ಮಸ್ಜಿದುನ್ನಬವಿಯ ಸುತ್ತಿನ ನೆಲ ಸಮತಟ್ಟು. ಹೋಟೆಲಿನಿಂದ ಹೊರಗೆ ಕಾಲಿಟ್ಟರೆ ಅಂಗಳದವರೆಗೂ ಏರಿಳಿತ ಇಲ್ಲ. ಅಂಗಳದಲ್ಲಿ 250 ದೊಡ್ಡ ಕೊಡೆಗಳಿವೆ. ಹಗಲು ಅವು ಅರಳಿದಾಗ ಕೆಳಗೆ ನೆರಳೋ ನೆರಳು. ಮಕ್ಕಾ ಹಾಗಲ್ಲ. ಅದು ಗುಡ್ಡಗಳ ನಡುವಿನ ಊರು. ಹೋಟೆಲ್ 'ಹರಂನಿಂದ 600 ಮೀಟರ್' ಅಂದರೂ ಆ 600 ಮೀಟರ್ ಏರು ದಾರಿ ಆಗಿರಬಹುದು. ಮದೀನಾದಲ್ಲಿ ಐದಾರು ದಿನ ಕಳೆದರೆ ನಿದ್ದೆಯ ಲೆಕ್ಕ ಸರಿಯಾಗುತ್ತದೆ, ಊಟ ಒಗ್ಗುತ್ತದೆ, ಕಾಲಿಗೆ ನಡಿಗೆ ಅಭ್ಯಾಸವಾಗುತ್ತದೆ. ನಮ್ಮ ಕರಾವಳಿಯವರಿಗೆ ಆ ಒಣ ಗಾಳಿ ಹೊಸದು. ಮೊದಲ ಎರಡು ದಿನ ತುಟಿ ಒಡೆಯುತ್ತದೆ, ಮೂಗು ಉರಿಯುತ್ತದೆ. ಇಹ್ರಾಂನಲ್ಲಿ ಪರಿಮಳದ ಕ್ರೀಮು ಹಚ್ಚುವಂತಿಲ್ಲ, ಮದೀನಾದಲ್ಲಿ ಆ ಕಟ್ಟು ಇಲ್ಲ. ಎರಡನೇ ಸಲ ಉಮ್ಮ ಸಯೀಯ ಏಳೂ ಸಲ ತಮ್ಮ ಕಾಲಿನ ಮೇಲೇ ನಡೆದರು. ನಡುನಡುವೆ ಕೂತು ಝಮ್‌ಝಮ್ ನೀರು ಕುಡಿದರು, ಅಷ್ಟೆ.

ಹೆಣ್ಣುಮಕ್ಕಳ ವಿಷಯ ಯಾವ ಹಾಳೆಯಲ್ಲೂ ಬರೆದಿರುವುದಿಲ್ಲ, ಕೇಳಲು ಸಂಕೋಚವೂ ಇರುತ್ತದೆ. ಮುಟ್ಟಿನ ದಿನಗಳಲ್ಲಿ ಇಹ್ರಾಂ ಕಟ್ಟಬಹುದು, ತವಾಫ್ ಮಾಡುವಂತಿಲ್ಲ. ಪ್ರವಾದಿಯವರ ಜೊತೆ ಹಜ್‌ಗೆ ಹೊರಟಿದ್ದ ಅಸ್ಮಾ ಬಿಂತ್ ಉಮೈಸ್(ರ) ದುಲ್ ಹುಲೈಫಾದಲ್ಲೇ ಹೆರಿಗೆಯಾದಾಗ ಸ್ನಾನ ಮಾಡಿ ಇಹ್ರಾಂ ಕಟ್ಟಲು ಪ್ರವಾದಿ(ಸ) ಹೇಳಿದ್ದರು. ಅಂದರೆ ಪ್ರಯಾಣ ನಿಲ್ಲುವುದಿಲ್ಲ. ಆದರೆ ಮಕ್ಕಾದಲ್ಲಿ ನಾಲ್ಕೇ ದಿನ ಇದ್ದು, ಅಷ್ಟೂ ದಿನ ಇಹ್ರಾಂನಲ್ಲೇ ಶುದ್ಧಿಗಾಗಿ ಕಾಯುವುದು ಬಹಳ ಕಷ್ಟ. ದಿನಾಂಕ ಹಾಕುವ ಮೊದಲು ಮನೆಯ ಹೆಂಗಸರನ್ನು ಕೇಳಿ. ಮೊದಲ ವಾರದಲ್ಲಿ ಬರುವಂತಿದ್ದರೆ ಮದೀನಾ ಮೊದಲಿರಲಿ, ಎರಡನೇ ವಾರಕ್ಕೆ ಬೀಳುವಂತಿದ್ದರೆ ಮಕ್ಕಾ ಮೊದಲಿರಲಿ. ನನ್ನ ಪ್ರಕಾರ ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಉಳಿದೆಲ್ಲ ಲೆಕ್ಕಕ್ಕಿಂತ ಇದೇ ದೊಡ್ಡದು.

ಮದೀನಾ ಮೊದಲು ಹೋದರೆ ಒಂದೇ ನಷ್ಟ. ಕಾಬಾ ನೋಡಲು ವಾರ ಕಾಯಬೇಕು. ಕೆಲವರಿಗೆ ಆ ಕಾಯುವುದೇ ಸುಖ.

ಹಜ್ ಸಮಿತಿಯ ಮೂಲಕ ಹೋಗುವವರಿಗೆ ಈ ಆಯ್ಕೆ ಇರುವುದಿಲ್ಲ. ಸಾಮಾನ್ಯವಾಗಿ ಆರಂಭದ ವಿಮಾನಗಳು ಮದೀನಾಕ್ಕೆ ಹೋಗುತ್ತವೆ, ಆ ಯಾತ್ರಿಕರು ಹಜ್ ಮುಗಿಸಿ ಜಿದ್ದಾದಿಂದ ಮರಳುತ್ತಾರೆ. ನಂತರದ ವಿಮಾನಗಳು ಜಿದ್ದಾಕ್ಕೆ, ಅವರು ಹಜ್ ಆದ ಮೇಲೆ ಮದೀನಾಕ್ಕೆ ಹೋಗಿ ಅಲ್ಲಿಂದ ಹೊರಡುತ್ತಾರೆ. ನಿಮ್ಮ ಪಾಲಿಗೆ ಬಂದದ್ದನ್ನು ನೋಡಿ ತಯಾರಾಗುವುದಷ್ಟೇ ಕೆಲಸ.

ಮೂರು ದಿನ, ಐದು ದಿನ, ಎಂಟು ದಿನ

ಹಾಳೆಯಲ್ಲಿ ಮೂರು ದಿನ ಅಂದರೆ ಅದು ನಿಜಕ್ಕೂ ಎರಡು ರಾತ್ರಿ, ನಡುವೆ ಒಂದೇ ಇಡೀ ದಿನ. ನಮ್ಮ ಮೊದಲ ಪ್ರಯಾಣದಲ್ಲಿ ರಾತ್ರಿ ಹನ್ನೊಂದಕ್ಕೆ ಮದೀನಾ ಮುಟ್ಟಿದ್ದು 'ಮೊದಲ ದಿನ', ಬೆಳಗ್ಗೆ ಏಳಕ್ಕೆ ಹೊರಟದ್ದು 'ಮೂರನೇ ದಿನ'. ನಡುವಿನ ಒಂದು ಬೆಳಗ್ಗೆ ಝಿಯಾರತ್ (ಪವಿತ್ರ ಜಾಗಗಳ ಭೇಟಿ) ಬಸ್ಸಿಗೆ ಹೋಯಿತು. ಖುಬಾ, ಉಹುದ್, ಖಿಬ್ಲತೈನ್, ಖರ್ಜೂರದ ತೋಟ, ಎಲ್ಲ ಸೇರಿ ನಾಲ್ಕು ಗಂಟೆ. ಉಹುದ್ ಯುದ್ಧಭೂಮಿಯಲ್ಲಿ ಪ್ರವಾದಿಯವರ ಚಿಕ್ಕಪ್ಪ ಹಂಝಾ(ರ) ಮತ್ತು ಇತರ ಶುಹದಾಗಳಿಗೆ (ಹುತಾತ್ಮರಿಗೆ) ಸಲಾಂ ಹೇಳಿ ತಿರುಗುವಷ್ಟರಲ್ಲಿ ಬಸ್ಸಿನ ಹಾರ್ನ್. ಮಸ್ಜಿದುನ್ನಬವಿಯೊಳಗಿನ ರೌಳಾ ಶರೀಫ್‌ಗೆ ನಮಗೆ ಅನುಮತಿಯೇ ಸಿಗಲಿಲ್ಲ. ಗುಂಪಿನವರು ಮಾಡಿಸುತ್ತಾರೆ ಅಂತ ನಾವು, ನೀವೇ ಮಾಡಿಕೊಳ್ಳುತ್ತೀರಿ ಅಂತ ಅವರು. ಉಮ್ಮ ಹಸಿರು ಗುಮ್ಮಟವನ್ನು ಹೊರಗಿನಿಂದಲೇ ನೋಡಿ, 'ಇಷ್ಟು ಹತ್ತಿರ ಬಂದು ಒಳಗೆ ಹೋಗಲಿಲ್ಲ ಮಗಾ' ಅಂದರು. ಆ ಮಾತು ನನ್ನನ್ನು ವರ್ಷಗಟ್ಟಲೆ ಬಿಡಲಿಲ್ಲ. ಎರಡನೇ ಸಲ ಹೋಗಲು ಕಾರಣವೇ ಅದು.

ರೌಳಾ ಅಂದರೆ ಪ್ರವಾದಿಯವರ(ಸ) ಮನೆ ಮತ್ತು ಮಿಂಬರ್ (ಪ್ರವಚನ ಪೀಠ) ನಡುವಿನ ಸಣ್ಣ ಜಾಗ. ಅದು ಸ್ವರ್ಗದ ಉದ್ಯಾನಗಳಲ್ಲಿ ಒಂದು ಎಂದು ಹದೀಸ್‌ನಲ್ಲಿದೆ. ಈಗ ಅಲ್ಲಿ ನಮಾಝ್ ಮಾಡಲು ಸೌದಿ ಸರ್ಕಾರದ ನುಸುಕ್ ಆ್ಯಪ್‌ನಲ್ಲಿ ಮೊದಲೇ ಸಮಯ ಕಾದಿರಿಸಬೇಕು. ಗಂಡಸರಿಗೆ ಬೇರೆ ಸಮಯ, ಹೆಂಗಸರಿಗೆ ಬೇರೆ. 2023ರ ಕೊನೆಯಲ್ಲಿ 365 ದಿನಕ್ಕೆ ಒಂದೇ ಸಲ ಎಂಬ ನಿಯಮವೂ ಬಂತು. ಮದೀನಾದಲ್ಲಿ ಎರಡೇ ದಿನ ಇದ್ದರೆ ಆ ಎರಡು ದಿನದಲ್ಲೇ ಜಾಗ ಸಿಗಬೇಕು. ಐದು ದಿನ ಇದ್ದರೆ ಸಿಗುವ ಸಾಧ್ಯತೆ ಅಷ್ಟೂ ಜಾಸ್ತಿ. ವೀಸಾ ಕೈಗೆ ಬಂದ ಕೂಡಲೇ ಆ್ಯಪ್ ಹಾಕಿಕೊಂಡು, ಮನೆಯ ಪ್ರತಿಯೊಬ್ಬರ ಹೆಸರಲ್ಲೂ ನೀವೇ ಪ್ರಯತ್ನಿಸಿ. ಯಾರನ್ನೂ ನಂಬಿ ಕೂರಬೇಡಿ. ಎರಡನೇ ಸಲ ಉಮ್ಮನಿಗೂ ನನ್ನ ಹೆಂಡತಿಗೂ ನಾಲ್ಕನೇ ದಿನಕ್ಕೆ ಸಮಯ ಸಿಕ್ಕಿತು. ಹೊರಗೆ ಬಂದ ಉಮ್ಮ ಏನೂ ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡು ಹೋಟೆಲಿನವರೆಗೂ ನಡೆದರು.

ಎಂಟು ದಿನದ ಲೆಕ್ಕ ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಮಸ್ಜಿದುನ್ನಬವಿಯಲ್ಲಿ ಒಂದೂ ತಪ್ಪದೆ 40 ನಮಾಝ್ ಮಾಡಿದವರಿಗೆ ನರಕದಿಂದ ಬಿಡುಗಡೆ ಎಂಬ ಒಂದು ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ. ದಿನಕ್ಕೆ ಐದರಂತೆ ಎಂಟು ದಿನ. ನಮ್ಮ ಹಜ್ ಯಾತ್ರಿಕರನ್ನು ಸಾಮಾನ್ಯವಾಗಿ ಮದೀನಾದಲ್ಲಿ ಎಂಟು ದಿನ ಇರಿಸುತ್ತಿದ್ದುದು ಇದಕ್ಕೇ. ಈ ಹದೀಸ್‌ನ ಬಲದ ಬಗ್ಗೆ ಉಲಮಾಗಳಲ್ಲಿ (ಧರ್ಮ ಪಂಡಿತರಲ್ಲಿ) ಭಿನ್ನಾಭಿಪ್ರಾಯ ಇದೆ. ದುರ್ಬಲ ಅನ್ನುವವರೂ ಇದ್ದಾರೆ, ಒಪ್ಪುವವರೂ ಇದ್ದಾರೆ. ಆದರೆ ಇದು ಹಜ್‌ನ ಅಥವಾ ಉಮ್ರಾದ ಷರತ್ತು ಎಂದು ಯಾರೂ ಹೇಳುವುದಿಲ್ಲ. ಒಟ್ಟು ರಜೆ 15 ದಿನ ಇದ್ದರೆ ಎಂಟು ದಿನ ಮದೀನಾಕ್ಕೆ ಕೊಡಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. 10 ದಿನವೇ ಇದ್ದರೆ 40ರ ಹಿಂದೆ ಹೋಗಿ ಮಕ್ಕಾವನ್ನು ಕಡಿಮೆ ಮಾಡಬೇಡಿ. ನಾಲ್ಕೈದು ದಿನ ಸಾಕು. ಮೂರಕ್ಕಿಂತ ಕಡಿಮೆ ಮಾತ್ರ ಬೇಡ.

ಐದು ದಿನ ಸಿಕ್ಕರೆ ಅದನ್ನು ಹೀಗೆ ಕಳೆಯಬಹುದು. ಮೊದಲ ದಿನ ಎಲ್ಲಿಗೂ ಹೋಗಬೇಡಿ. ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಹಾಕಿ, ಬಾಬುಸ್ಸಲಾಂ ಬಾಗಿಲಿನ ಮೂಲಕ ಹೋಗಿ ಪ್ರವಾದಿ(ಸ), ಅವರ ಪಕ್ಕದಲ್ಲೇ ದಫನವಾಗಿರುವ ಅಬೂಬಕರ್(ರ), ಉಮರ್(ರ) ಮೂವರಿಗೂ ಸಲಾಂ ಹೇಳಿ. ಈ ದಾರಿ ಗಂಡಸರದು. ಖಬರ್‌ಗಳ ಮುಂದಿನ ಜಾಲರಿಯ ಎದುರು ನಿಲ್ಲಲು ಬಿಡುವುದಿಲ್ಲ, ನಡೆಯುತ್ತಲೇ ಹೇಳಬೇಕು. ಹಾಗಾಗಿ ಊರಲ್ಲಿ ಯಾರ್ಯಾರು ಸಲಾಂ ಕಳಿಸಿದ್ದಾರೋ ಅವರ ಹೆಸರುಗಳನ್ನು ಮೊದಲೇ ನೆನಪು ಮಾಡಿಕೊಂಡಿರಿ. ಖುಬಾ ಮಸೀದಿಗೆ ಶನಿವಾರ ಹೋಗಿ, ಪ್ರವಾದಿ(ಸ) ಶನಿವಾರ ಅಲ್ಲಿಗೆ ಹೋಗುತ್ತಿದ್ದರು. ವುಝೂ (ಕೈ ಕಾಲು ಮುಖ ತೊಳೆಯುವ ಶುದ್ಧಿ) ಮಾಡಿಕೊಂಡು ಹೋಗಿ ಅಲ್ಲಿ ನಮಾಝ್ ಮಾಡಿದರೆ ಒಂದು ಉಮ್ರಾದ ಪ್ರತಿಫಲ ಎಂದು ಹದೀಸ್ ಇದೆ. ಮಸ್ಜಿದುನ್ನಬವಿಯಿಂದ ಅಲ್ಲಿಗೆ ಮೂರು ಕಿ.ಮೀ. ಆಸುಪಾಸು, ನಡೆಯುವವರಿಗೆ ಬೇರೆ ದಾರಿಯೇ ಇದೆ. ಜನ್ನತುಲ್ ಬಖೀ ಖಬರಸ್ತಾನಕ್ಕೆ ಸುಬಹ್ ಅಥವಾ ಅಸರ್ (ಸಂಜೆಗೆ ಮುಂಚಿನ ನಮಾಝ್) ಆದ ಮೇಲೆ ಗಂಡಸರು ಹೋಗಬಹುದು. ಹೆಂಗಸರಿಗೆ ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ಸಲಾಂ. ಸೋಮವಾರ ಗುರುವಾರ ಉಪವಾಸ ಹಿಡಿದರೆ ಮಗ್ರಿಬ್ (ಸೂರ್ಯಾಸ್ತ) ಹೊತ್ತಿಗೆ ಮಸೀದಿಯೊಳಗೆ ಹಾಸಿದ ಸುಫ್ರಾದ (ಊಟದ ಹಾಸಿನ) ಮುಂದೆ ಯಾರಾದರೂ ಕೈ ಹಿಡಿದು ಕೂರಿಸುತ್ತಾರೆ. ಖರ್ಜೂರ, ರೊಟ್ಟಿ, ಮೊಸರು, ಗಾವಾ (ಅರಬ್ ಕಾಫಿ). ಮದೀನಾದವರ ಆ ಅಕ್ಕರೆ ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ, ಉಳಿದವರಿಗೇ ಸಿಗುವುದು.

ಶುಕ್ರವಾರಗಳನ್ನೂ ಎಣಿಸಿ. ಎರಡು ಶುಕ್ರವಾರ ಇದ್ದರೆ ಒಂದು ಜುಮಾ ಇಲ್ಲಿ, ಒಂದು ಅಲ್ಲಿ ಸಿಗುವ ಹಾಗೆ ದಿನ ಹೊಂದಿಸಬಹುದು. ಶುಕ್ರವಾರ ಶನಿವಾರ ಆ ದೇಶದ ವಾರದ ರಜೆ, ಮಕ್ಕಾದಲ್ಲಿ ಜನ ಹೆಚ್ಚಿರುತ್ತಾರೆ. ಹಿರಿಯರ ಉಮ್ರಾವನ್ನು ಆ ಎರಡು ದಿನಕ್ಕೆ ಬೀಳದ ಹಾಗೆ ನೋಡಿಕೊಳ್ಳಿ. ಡಿಸೆಂಬರ್ ಜನವರಿಯಲ್ಲಿ ಹೋಗುವವರು ಮದೀನಾಕ್ಕೆ ಸ್ವೆಟರ್ ಇಟ್ಟುಕೊಳ್ಳಿ, ಅಲ್ಲಿ ರಾತ್ರಿ ನಿಜವಾಗಿ ಚಳಿ. ಮಕ್ಕಾದಲ್ಲಿ ಅದರ ಅಗತ್ಯ ಬೀಳುವುದು ಕಡಿಮೆ.

ರೈಲೋ ಬಸ್ಸೋ?

ಎರಡು ಊರುಗಳ ನಡುವೆ ಸುಮಾರು 450 ಕಿ.ಮೀ. 2018ರಲ್ಲಿ ಶುರುವಾದ ಹರಮೈನ್ ರೈಲು ಗಂಟೆಗೆ 300 ಕಿ.ಮೀ. ವೇಗದವರೆಗೆ ಓಡುತ್ತದೆ. ಎರಡೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ. ಬಸ್ಸಿಗೆ ಐದಾರು ಗಂಟೆ, ಗುಂಪು ಕಾಯುವುದು ಸೇರಿದರೆ ಇನ್ನೂ ಜಾಸ್ತಿ. ಮಂಡಿ ನೋವಿನವರಿಗೆ, ಸಕ್ಕರೆ ಕಾಯಿಲೆಯಿಂದ ಆಗಾಗ ಶೌಚಾಲಯಕ್ಕೆ ಹೋಗಬೇಕಾದವರಿಗೆ ರೈಲೇ ಸರಿ. ಜಿದ್ದಾ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲೂ ಅದರ ನಿಲ್ದಾಣ ಇದೆ.

ಆದರೆ ಮದೀನಾದಿಂದ ಮಕ್ಕಾಕ್ಕೆ ಉಮ್ರಾದ ನಿಯ್ಯತ್‌ನಲ್ಲಿ ಹೋಗುವಾಗ ಬಸ್ಸಿಗೆ ಒಂದು ದೊಡ್ಡ ಅನುಕೂಲ ಇದೆ. ಅದು ದುಲ್ ಹುಲೈಫಾದಲ್ಲಿ ನಿಲ್ಲುತ್ತದೆ, ರೈಲು ನಿಲ್ಲುವುದಿಲ್ಲ. ರೈಲಿನವರು ಹೋಟೆಲಿನಲ್ಲೇ ಸ್ನಾನ ಮಾಡಿ ಇಹ್ರಾಂ ಉಟ್ಟು, ಟ್ಯಾಕ್ಸಿಯಲ್ಲಿ ದುಲ್ ಹುಲೈಫಾಕ್ಕೆ ಹೋಗಿ ನಿಯ್ಯತ್ ಮಾಡಿ, ಆಮೇಲೆ ನಿಲ್ದಾಣಕ್ಕೆ ಬಂದರೆ ಮನಸ್ಸಿಗೆ ನೆಮ್ಮದಿ. ಎರಡು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.

ಮೂರನೇ ಊರು

ತಾಯಿಫ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರವಾದಿಯವರಿಗೆ(ಸ) ಕಲ್ಲೆಸೆದ ಊರು, ಅವರು ಶಾಪ ಕೊಡದೆ ದುಆ ಮಾಡಿದ ಊರು. ಮಕ್ಕಾದಿಂದ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಬರುವಾಗ ಖರ್ನುಲ್ ಮನಾಝಿಲ್ ಮೀಖಾತ್‌ನಲ್ಲಿ ಇಹ್ರಾಂ ಕಟ್ಟಿ ಇನ್ನೊಂದು ಉಮ್ರಾ ಮಾಡುವವರು ಇದ್ದಾರೆ. ಶಕ್ತಿ ಇದ್ದವರು ಹೋಗಲಿ.

ಇರಾಕ್ ವಿಷಯ ಬೇರೆ. ನಮ್ಮ ಕರಾವಳಿಯಲ್ಲಿ ಮುಹಿಯುದ್ದೀನ್ ಹೆಸರಿನ ಎಷ್ಟೊಂದು ಜುಮಾ ಮಸೀದಿಗಳಿವೆ ನೋಡಿ. ಮುಹಿಯುದ್ದೀನ್ ಶೇಖ್ ಅಂದರೆ 1166ರಲ್ಲಿ ತೀರಿಕೊಂಡ ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿ(ರ). ಅವರ ಮಖಾಂ (ಸಮಾಧಿ ಇರುವ ಜಾಗ) ಬಗ್ದಾದ್‌ನಲ್ಲಿದೆ. ಇಮಾಂ ಅಬೂ ಹನೀಫಾ(ರ) ಅವರ ಮಖಾಂ ಕೂಡ ಅದೇ ಊರಿನ ಆಝಮಿಯಾದಲ್ಲಿದೆ. ಶಿಯಾ ಮನೆಗಳವರಿಗೆ ನಜಫ್‌ನ ಇಮಾಂ ಅಲೀ, ಕರ್ಬಲಾದ ಇಮಾಂ ಹುಸೈನ್ ಅವರ ಝಿಯಾರತ್ ಬದುಕಿನ ದೊಡ್ಡ ಆಸೆ. ಗೌರಿಬಿದನೂರು ತಾಲೂಕಿನ ಅಲಿಪುರದವರನ್ನು ಕೇಳಿದರೆ ಅದು ಗೊತ್ತಾಗುತ್ತದೆ. ನಜಫ್‌ನಿಂದ ಕರ್ಬಲಾಕ್ಕೆ ಸುಮಾರು 80 ಕಿ.ಮೀ., ಅರ್ಬಈನ್ (ಇಮಾಂ ಹುಸೈನರ ಶಹಾದತ್‌ನ ನಲವತ್ತನೇ ದಿನ) ಹೊತ್ತಿಗೆ ಜನ ಅದನ್ನು ನಡೆದೇ ಹೋಗುತ್ತಾರೆ. ಖಬರ್‌ಗಳ ಝಿಯಾರತ್‌ಗೆಂದೇ ಪ್ರಯಾಣ ಮಾಡುವ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ನಿಲುವುಗಳಿವೆ. ನಿಮ್ಮ ಉಸ್ತಾದರನ್ನು ಕೇಳಿ ಮುಂದುವರಿಯಿರಿ. ನನ್ನ ಸಲಹೆ ಪ್ರಯಾಣದ ಬಗ್ಗೆ ಮಾತ್ರ. ಇರಾಕ್‌ನ್ನು ಉಮ್ರಾದ ಬಾಲಕ್ಕೆ ಕಟ್ಟಬೇಡಿ. ಬೇರೆ ದೇಶ, ಬೇರೆ ವೀಸಾ, ನಾಲ್ಕೈದು ಊರುಗಳ ನಡುವೆ ಬಸ್ಸಿನ ಓಡಾಟ. ಅದಕ್ಕೆ ಬೇರೆಯೇ ಒಂದು ಪ್ರಯಾಣ ಬೇಕು.

ಬೈತುಲ್ ಮುಖದ್ದಸ್ ಮಾತ್ರ ಮನಸ್ಸನ್ನು ಎಳೆಯುತ್ತದೆ. ಹದೀಸ್ ಹೇಳುವ ಆ ಮೂರು ಮಸೀದಿಗಳಲ್ಲಿ ಒಂದಾದ ಅಖ್ಸಾ ಇರುವುದು ಅಲ್ಲೇ. ಮದೀನಾದಲ್ಲಿ ಮೊದಲ 16-17 ತಿಂಗಳು ಮುಸ್ಲಿಮರು ಅದರ ಕಡೆಗೇ ಮುಖ ಮಾಡಿ ನಮಾಝ್ ಮಾಡಿದ್ದರು. ಆಮೇಲೆ ದಿಕ್ಕು ಕಾಬಾದ ಕಡೆ ತಿರುಗಿತು. ಖಿಬ್ಲತೈನ್ (ಎರಡು ದಿಕ್ಕುಗಳ) ಮಸೀದಿಗೆ ಹೋದಾಗ ನೆನಪಾಗುವುದು ಅದೇ. ಇಸ್ರಾ (ಪವಾಡದ ರಾತ್ರಿ ಪ್ರಯಾಣ) ರಾತ್ರಿ ಪ್ರವಾದಿಯವರನ್ನು(ಸ) ಮಕ್ಕಾದಿಂದ ಕರೆದೊಯ್ದದ್ದೂ ಅಲ್ಲಿಗೇ. ಬಂಗಾರದ ಗುಮ್ಮಟವನ್ನೇ ಅಖ್ಸಾ ಅಂದುಕೊಳ್ಳುವವರು ಬಹಳ. ಅದು ಕುಬ್ಬತುಸ್ಸಖ್ರಾ, ಉಮಯ್ಯ ಖಲೀಫ ಅಬ್ದುಲ್ ಮಲಿಕ್ ಕಾಲದಲ್ಲಿ, 691-92ರಲ್ಲಿ ಮುಗಿದದ್ದು. ದಕ್ಷಿಣದ ಬೂದು ಗುಮ್ಮಟದ ಮಸೀದಿಯೂ ಸೇರಿ ಸುಮಾರು 35 ಎಕರೆಯ ಆ ಇಡೀ ಅಂಗಳವೇ ಅಲ್ ಅಖ್ಸಾ.

ಭಾರತದವರಿಗೆ ಅಲ್ಲಿ ಒಂದು ಮನೆಯೇ ಇದೆ. ಹಳೆ ಊರಿನಲ್ಲಿ, ಹೆರೋದ್ ದ್ವಾರದ ಹತ್ತಿರ, ಸೂಫಿ ಸಂತ ಬಾಬಾ ಫರೀದರು ಧ್ಯಾನಕ್ಕೆ ಕೂತಿದ್ದರು ಎಂದು ಹೇಳುವ ಜಾಗದಲ್ಲಿ ಭಾರತೀಯ ಯಾತ್ರಿಕರ ತಂಗುಮನೆ ಇದೆ. 1924ರಿಂದ ಸಹಾರನ್‌ಪುರ ಮೂಲದ ಅನ್ಸಾರಿ ಕುಟುಂಬ ಅದನ್ನು ನೋಡಿಕೊಳ್ಳುತ್ತಿದೆ. ಖಿಲಾಫತ್ ಚಳವಳಿಯ ಮೌಲಾನಾ ಮುಹಮ್ಮದ್ ಅಲೀ 1931ರ ಜನವರಿಯಲ್ಲಿ ಲಂಡನ್‌ನಲ್ಲಿ ತೀರಿಕೊಂಡಾಗ ಅವರನ್ನು ತಂದು ದಫನ ಮಾಡಿದ್ದೂ ಜೆರುಸಲೇಮಿನಲ್ಲೇ. ಹಿಂದೆ ಹಜ್ ಮುಗಿಸಿ ಕುದ್ಸ್ (ಜೆರುಸಲೇಮ್) ನೋಡಿ ಬರುವ ವಾಡಿಕೆ ಎಷ್ಟೋ ನಾಡುಗಳಲ್ಲಿತ್ತು. ಹಾಗಾಗಿ ಈ ಆಸೆ ಟ್ರಾವೆಲ್ಸ್‌ನವರು ಹುಟ್ಟಿಸಿದ್ದಲ್ಲ.

ಆದರೆ ಇವತ್ತಿನ ದಾರಿ ಕಠಿಣ. ಸಾಮಾನ್ಯವಾಗಿ ಗುಂಪುಗಳು ಜೋರ್ಡಾನಿನ ಅಮ್ಮಾನ್‌ಗೆ ಹೋಗಿ, ಅಲ್ಲಿಂದ ಕಿಂಗ್ ಹುಸೈನ್ ಸೇತುವೆ ದಾಟಿ ಜೆರುಸಲೇಮಿಗೆ ಹೋಗುತ್ತವೆ. ಅದೇ ಸೇತುವೆಗೆ ಆ ಕಡೆಯವರು ಅಲೆನ್‌ಬಿ ಅನ್ನುತ್ತಾರೆ. ಭಾರತದ ಪಾಸ್‌ಪೋರ್ಟಿನವರಿಗೆ ಇಸ್ರೇಲ್‌ನ ಅನುಮತಿ ಮೊದಲೇ ಬೇಕು. ಗಡಿಯಲ್ಲಿ ಪ್ರಶ್ನೆಗಳು, ಗಂಟೆಗಟ್ಟಲೆ ಕಾಯುವಿಕೆ. ಅಂಗಳದ ಆಡಳಿತ ಜೋರ್ಡಾನಿನ ವಖ್ಫ್ ಇಲಾಖೆಯದು, ಬಾಗಿಲುಗಳಲ್ಲಿ ನಿಲ್ಲುವುದು ಇಸ್ರೇಲಿ ಪೊಲೀಸರು. ಒಮ್ಮೊಮ್ಮೆ ಇಂತಿಷ್ಟು ವಯಸ್ಸಿನೊಳಗಿನ ಗಂಡಸರನ್ನು ಒಳಗೆ ಬಿಡುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಸೇತುವೆ ಮುಚ್ಚುವುದು ತೆರೆಯುವುದು ನಡೆದೇ ಇದೆ. ಅಲ್ಲಿನ ಜನ ಅನುಭವಿಸುತ್ತಿರುವುದನ್ನು ನೆನೆದರೆ ನಮ್ಮ ಪ್ರಯಾಣದ ಕಷ್ಟ ಕಷ್ಟವೇ ಅಲ್ಲ, ನಿಜ. ಆದರೂ ಉಮ್ರಾದ ಟಿಕೆಟ್ಟಿನ ಜೊತೆಗೆ ಅದನ್ನು ಕಟ್ಟಿಕೊಂಡು, ಗಡಿ ಮುಚ್ಚಿತು ಅಂತ ಹಿರಿಯರನ್ನು ಅಮ್ಮಾನ್‌ನ ಹೋಟೆಲಿನಲ್ಲಿ ಕೂರಿಸುವ ಹಾಗೆ ಆಗಬಾರದು, ಅಲ್ವಾ?

ಹೋಗಲೇಬೇಕೆನ್ನುವ ಗಟ್ಟಿ ಮನಸ್ಸಿನವರು ಮೂರು ವಾರ ಇಟ್ಟುಕೊಳ್ಳಿ. ಕುದ್ಸ್‌ನ್ನು ಮೊದಲಿಗಿಡಿ, ಆಮೇಲೆ ಮದೀನಾ, ಕೊನೆಗೆ ಮಕ್ಕಾ. ಗಡಿಯಲ್ಲಿ ಎರಡು ದಿನ ಕಳೆದರೂ ಆಗ ಉಮ್ರಾಕ್ಕೆ ಪೆಟ್ಟು ಬೀಳುವುದಿಲ್ಲ. ಭಾರತ ಸರ್ಕಾರ ಆ ಹೊತ್ತಿಗೆ ಪ್ರಯಾಣದ ಬಗ್ಗೆ ಏನು ಎಚ್ಚರಿಕೆ ಕೊಟ್ಟಿದೆ ಅಂತ ನೋಡದೆ ಮುಂಗಡ ಕಟ್ಟಬೇಡಿ. ಸಣ್ಣ ಮಕ್ಕಳು, ಗಾಲಿ ಕುರ್ಚಿಯವರು ಜೊತೆಗಿದ್ದರೆ ಈ ಸಲಕ್ಕೆ ಬಿಡಿ. ಆ ಐದಾರು ದಿನವನ್ನು ಮದೀನಾಕ್ಕೆ ಸೇರಿಸಿ.

ಟ್ರಾವೆಲ್ಸ್‌ನವರ ಮುಂದೆ ಕೂತಾಗ

ನಮ್ಮ ಮನೆಯಲ್ಲಿ ಈಗ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಹಿರಿಯರಿದ್ದರೆ ಮದೀನಾ ಮೊದಲು, ಕನಿಷ್ಠ ಐದು ರಾತ್ರಿ, ಆಮೇಲೆ ಮಕ್ಕಾ, ಜಿದ್ದಾದಿಂದ ವಾಪಸ್. ಯುವಕರು ಮಾತ್ರ ಹೋಗುವುದಾದರೆ ಮಕ್ಕಾ ಮೊದಲಾದರೂ ಸರಿ, ಮದೀನಾದಿಂದಲೇ ವಾಪಸ್ ವಿಮಾನ ಇದ್ದರೆ. ಟ್ರಾವೆಲ್ಸ್‌ನವರ ಹತ್ತಿರ 'ಎಷ್ಟು ದಿನ' ಅಂತ ಕೇಳಬೇಡಿ, 'ಎಷ್ಟು ರಾತ್ರಿ' ಅಂತ ಕೇಳಿ. ಮದೀನಾ ಮುಟ್ಟುವುದು ಎಷ್ಟು ಗಂಟೆಗೆ, ಬಿಡುವುದು ಎಷ್ಟು ಗಂಟೆಗೆ ಅಂತ ಕೇಳಿ. ರೈಲಿನ ಟಿಕೆಟ್ ದರದಲ್ಲಿ ಸೇರಿದೆಯೋ ಇಲ್ಲವೋ, ದುಲ್ ಹುಲೈಫಾದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ರೌಳಾದ ಅನುಮತಿ ಯಾರ ಜವಾಬ್ದಾರಿ, ಮಕ್ಕಾದ ಹೋಟೆಲಿನ ದಾರಿ ಏರೋ ಸಮತಟ್ಟೋ ಅಂತಲೂ ಕೇಳಿ. ಉತ್ತರಗಳನ್ನು ಬಾಯಿಮಾತಿಗೆ ಬಿಡಬೇಡಿ. ಮುಂಗಡ ಕೊಡುವ ಮೊದಲೇ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.